ಏರಿನಲ್ಲಿ ಮಿಸ್ಸಿಂಗ್ ಹೊಡೆಯುವ ಹಳೇ ಪೆಟ್ರೋಲ್ ಜೀಪು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕೊಡಗಿನ ತೋಟಗಳಲ್ಲಿ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಪೆಟ್ರೋಲ್ ಜೀಪುಗಳು ಇವತ್ತಿಗೂ ಓಡಾಡುತ್ತಿವೆ. ಅವುಗಳ ಮಾಲೀಕರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಶೆಡ್ಡಿನಲ್ಲಿ ನಿಂತಾಗ ಎಂಜಿನ್ ಚೆನ್ನಾಗಿದೆ, ಸಪಾಟು ರಸ್ತೆಯಲ್ಲೂ ತೊಂದರೆ ಇಲ್ಲ, ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಮಾತ್ರ ಮುಗ್ಗರಿಸುತ್ತದೆ. ಇಲ್ಲಿ ಮುಖ್ಯವಾಗಿ ಮಹೀಂದ್ರ ಸಿಜೆ-3ಬಿ ಜೀಪನ್ನು ಮುಂದಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಎತ್ತರದ ಬಾನೆಟ್ಟಿನ, 2.2 ಲೀಟರಿನ ನಾಲ್ಕು ಸಿಲಿಂಡರ್ ಹರಿಕೇನ್ ಎಂಜಿನ್ನಿನ ಗಾಡಿ ಅದು. ಕಾರ್ಬುರೇಟರ್ ಕಾಲದ ಜಿಪ್ಸಿ, ಓಮ್ನಿ, ಪದ್ಮಿನಿ ಇಟ್ಟುಕೊಂಡವರಿಗೂ ತಪಾಸಣೆಯ ದಾರಿ ಇದೇ. ಅಳತೆಗಳನ್ನು ಮಾತ್ರ ನಿಮ್ಮ ಗಾಡಿಯ ಪುಸ್ತಕದಿಂದ ತೆಗೆದುಕೊಳ್ಳಿ.

ಸಪಾಟಿನಲ್ಲಿ ಸರಿಯಾಗಿರುವ ಎಂಜಿನ್ ಏರಿನಲ್ಲಿ ಮಾತ್ರ ಯಾಕೆ ಮುಗ್ಗರಿಸುತ್ತದೆ?

ಏರಿನಲ್ಲಿ ಎಂಜಿನ್ ಎರಡು ವಿಷಯವನ್ನು ಜಾಸ್ತಿ ಕೇಳುತ್ತದೆ. ಒಂದು ಪೆಟ್ರೋಲ್, ಇನ್ನೊಂದು ಬಲವಾದ ಕಿಡಿ.

ಪೆಟ್ರೋಲಿನ ಲೆಕ್ಕ ನೋಡಿ. ಐಡಲ್‌ನಲ್ಲಿ ನಿಂತ ಜೀಪು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಅದೇ ಜೀಪು ಲೋಡು ಹೊತ್ತು, ಲೀಟರಿಗೆ 4 ಕಿ.ಮೀ. ಕೊಡುತ್ತಾ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಘಾಟಿ ಹತ್ತಿದರೆ ಏಳೂವರೆ ಲೀಟರ್ ಬೇಕು. ಏಳೆಂಟು ಪಟ್ಟು ಜಾಸ್ತಿ ಆಯ್ತಲ್ವಾ? ಅರ್ಧ ಕಟ್ಟಿಕೊಂಡ ಫಿಲ್ಟರ್ ಒಂದು ಲೀಟರನ್ನು ಆರಾಮಾಗಿ ಬಿಡುತ್ತದೆ. ಏಳೂವರೆ ಲೀಟರನ್ನು ಬಿಡುವುದಿಲ್ಲ.

ಕಿಡಿಯ ಕಥೆಯೂ ಹೀಗೇ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಜಾಸ್ತಿ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಸಂದಿ ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್ ಸೋತಿದ್ದರೆ, ವೈರಿನಲ್ಲಿ ಬಿರುಕು ಇದ್ದರೆ, ಕಿಡಿ ಪ್ಲಗ್ ಬಿಟ್ಟು ಸುಲಭವಾದ ಬೇರೆ ದಾರಿ ಹಿಡಿಯುತ್ತದೆ. ಎಂಜಿನ್ ಒಂದು ಏಟು ತಪ್ಪುತ್ತದೆ. ಇದೇ ಮಿಸ್ಸಿಂಗ್.

ಅದಕ್ಕೇ ಶೆಡ್ಡಿನಲ್ಲಿ ನಿಲ್ಲಿಸಿ ರೇಸ್ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಮಾಡಿದರೂ ಎಂಜಿನ್ ಮೇಲೆ ಲೋಡು ಬೀಳುವುದಿಲ್ಲ. ತೊಂದರೆ ಎಲ್ಲಿ ಕಾಣುತ್ತದೋ ಅಲ್ಲೇ ಪರೀಕ್ಷೆ ಮಾಡಬೇಕು. ಹತ್ತಿರ ಏರು ಇಲ್ಲದಿದ್ದರೆ, ಖಾಲಿ ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿ 30 ಕಿ.ಮೀ. ವೇಗದಿಂದ ಎಕ್ಸಲರೇಟರ್ ಪೂರ್ತಿ ಒತ್ತಿ. ಏರಿನಷ್ಟೇ ಲೋಡು ಬೀಳುತ್ತದೆ.

ಪೆಟ್ರೋಲ್ ತೊಂದರೆಯೋ ಕರೆಂಟ್ ತೊಂದರೆಯೋ, ಹೇಗೆ ಗುರುತಿಸುವುದು?

ಇದೇ ಮೊದಲ ಪ್ರಶ್ನೆ, ಮುಖ್ಯ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರ ಸಿಗುವವರೆಗೆ ಯಾವ ಸಾಮಾನನ್ನೂ ಕೊಳ್ಳಬೇಡಿ.

ಪೆಟ್ರೋಲ್ ಸಾಲದಿದ್ದರೆ ತೊಂದರೆ ನಿಧಾನವಾಗಿ ಬರುತ್ತದೆ. ಏರು ಶುರುವಾದಾಗ ಗಾಡಿ ಚೆನ್ನಾಗಿ ಎಳೆಯುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಆದ ಮೇಲೆ ಸೊರಗುತ್ತದೆ, ಆಮೇಲೆ ಮುಗ್ಗರಿಸುತ್ತದೆ. ಆ ಮೊದಲ ಅರ್ಧ ನಿಮಿಷ ಓಡಿದ್ದು ಕಾರ್ಬುರೇಟರಿನ ಫ್ಲೋಟ್ ಬೌಲ್‌ನಲ್ಲಿ ಮೊದಲೇ ತುಂಬಿದ್ದ ಪೆಟ್ರೋಲಿನಿಂದ. ಕಾಲು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬೌಲ್ ಮತ್ತೆ ತುಂಬಿ ಗಾಡಿ ಸರಿಹೋಗುತ್ತದೆ. ಕಾರ್ಬುರೇಟರಿನ ಬಾಯಿಂದ ಪಟ್ ಪಟ್ ಅಂತ ಸದ್ದು ಬಂದರೂ ಅದು ಪೆಟ್ರೋಲ್ ಕಡಿಮೆ ಆಗಿರುವ ಲಕ್ಷಣವೇ.

ಕರೆಂಟ್ ತೊಂದರೆ ಹೀಗಲ್ಲ. ಅದು ಒಮ್ಮೆಲೇ ಬರುತ್ತದೆ. ಕಾಲು ಒತ್ತಿದ ಕೂಡಲೇ ಗಾಡಿ ಜರ್ಕ್ ಹೊಡೆಯುತ್ತದೆ, ಕಾಲು ತೆಗೆದ ಕೂಡಲೇ ಸುಮ್ಮನಾಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹತ್ತಿಕೊಂಡು ಢಂ ಅನ್ನುವುದೂ ಉಂಟು.

ಇನ್ನೂ ಅನುಮಾನ ಇದ್ದರೆ ಚೋಕ್ ಪರೀಕ್ಷೆ ಮಾಡಿ. ಏರಿನಲ್ಲಿ ಮುಗ್ಗರಿಸುತ್ತಿರುವಾಗಲೇ ಚೋಕನ್ನು ಕಾಲು ಭಾಗ, ಆಮೇಲೆ ಅರ್ಧ ಎಳೆಯಿರಿ. ಗಾಡಿ ಎತ್ತಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಕೆಟ್ಟರೆ, ಒಂದೋ ಪೆಟ್ರೋಲ್ ಮೊದಲೇ ಜಾಸ್ತಿ ಇದೆ, ಇಲ್ಲವೇ ತೊಂದರೆ ಕಿಡಿಯದ್ದು. ಕಾಸಿಲ್ಲದ ಪರೀಕ್ಷೆ. ನನಗೆ ಒಂದೇ ಪರೀಕ್ಷೆ ಮಾಡಲು ಬಿಟ್ಟರೆ ಇದನ್ನೇ ಮಾಡುತ್ತೇನೆ.

ಎರಡನೆಯದು, ಬೌಲ್ ಖಾಲಿ ಆಗಿದೆಯೇ ಎಂದು ನೇರವಾಗಿ ನೋಡುವುದು. ಮುಗ್ಗರಿಸಲು ಶುರುವಾದ ಕೂಡಲೇ ಗಾಡಿ ಬದಿಗೆ ಹಾಕಿ, ಐಡಲ್‌ನಲ್ಲಿ ಬಿಡದೆ ತಕ್ಷಣ ಆಫ್ ಮಾಡಿ. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಗಂಟಲೊಳಗೆ ನೋಡುತ್ತಾ, ಕೈಯಿಂದ ಎಕ್ಸಲರೇಟರ್ ಲಿಂಕನ್ನು ಎಳೆಯಿರಿ. ಬೌಲ್‌ನಲ್ಲಿ ಪೆಟ್ರೋಲ್ ಇದ್ದರೆ ಸಣ್ಣ ನಳಿಗೆಯಿಂದ ಚಿರ್ ಅಂತ ಗಟ್ಟಿ ಧಾರೆ ಚಿಮ್ಮುತ್ತದೆ. ಶೆಡ್ಡಿನಲ್ಲಿ ಧಾರೆ ಬರುತ್ತಿದ್ದು, ಇಲ್ಲಿ ಒಣ ಗಾಳಿಯೋ ಎರಡು ಹನಿಯೋ ಬಂದರೆ ಬೌಲ್ ಖಾಲಿ. ಬೀಡಿ ಸಿಗರೇಟು ದೂರ ಇರಲಿ, ಮುಖವನ್ನು ಗಂಟಲ ಮೇಲೆ ತರಬೇಡಿ.

ಗ್ಯಾರೇಜಿನಲ್ಲಿ ಮೊದಲ ಮಾತೇ "ಕಾರ್ಬುರೇಟರ್ ಹೋಗಿದೆ, ಬದಲಿಸಿ" ಅಂತಾರೆ. ನಂಬಬಹುದಾ?

ಪರೀಕ್ಷೆ ಮಾಡದೆ ಹೇಳಿದರೆ ನಂಬಬೇಡಿ. ಕಾರ್ಬುರೇಟರ್ ಕಣ್ಣಿಗೆ ಕಾಣುವ ಸಾಮಾನು, ಬಿಚ್ಚಲು ಸುಲಭ. ಅದಕ್ಕೇ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಫಿಲ್ಟರ್, ಹೋಸ್, ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕೊಡುವ ಸ್ವಿಚ್ಚು), ಕಂಡೆನ್ಸರ್ (ಆ ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಎಲ್ಲವೂ ಅದಕ್ಕಿಂತ ಅಗ್ಗ, ಕೆಡುವುದೂ ಅವೇ ಜಾಸ್ತಿ. ಹಳೆಯ ಒರಿಜಿನಲ್ ಕಾರ್ಬುರೇಟರನ್ನು ಗುಜರಿಗೆ ಕೊಟ್ಟು, ಹೆಸರಿಲ್ಲದ ನಕಲಿ ಮಾಲು ಹಾಕಿಸಿಕೊಂಡ ಮೇಲೆ ಗಾಡಿ ಮೊದಲಿಗಿಂತ ಕೆಟ್ಟಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಬದಲಿಸಲೇಬೇಕಾದರೂ ಹಳೆಯದನ್ನು ಮನೆಗೆ ತಂದು ಬಟ್ಟೆಯಲ್ಲಿ ಸುತ್ತಿಡಿ. ಅದರ ಬಾಡಿ ಒಡೆದಿಲ್ಲದಿದ್ದರೆ, ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡದಿದ್ದರೆ, ಕಿಟ್ ಹಾಕಿ ಮತ್ತೆ ಓಡಿಸಬಹುದು.

ಪೆಟ್ರೋಲ್ ಸಾಲುತ್ತಿಲ್ಲ ಅಂತ ಗೊತ್ತಾಯಿತು. ಎಲ್ಲಿಂದ ಶುರು ಮಾಡಲಿ?

ಟ್ಯಾಂಕಿನಿಂದ. ಪೆಟ್ರೋಲ್ ಬರುವ ದಾರಿಯಲ್ಲೇ ಹೋಗಿ.

ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಮುಚ್ಚಳದ ಸಣ್ಣ ತೂತು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಆಗಿ, ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಮುಗ್ಗರಿಸುವಾಗ ನಿಲ್ಲಿಸಿ ಮುಚ್ಚಳ ತಿರುಗಿಸಿ. ಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ, ಆಮೇಲೆ ಗಾಡಿ ಸಲೀಸಾಗಿ ಹತ್ತಿದರೆ, ಕಳ್ಳ ಸಿಕ್ಕ ಹಾಗೆ. ನಕಲಿ ಮುಚ್ಚಳಗಳಲ್ಲಿ ತೂತೇ ಇರದಿರುವುದೂ ಉಂಟು.

ಆಮೇಲೆ ಟ್ಯಾಂಕ್ ಒಳಗೆ. ಸಿಜೆ-3ಬಿಯ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗಿದೆ. ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಕಾಫಿಪುಡಿಯಂಥ ತುಕ್ಕು ಕೂತಿದ್ದರೆ ಫಿಲ್ಟರ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಇಳಿಸಿದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಇದ್ದರೆ, ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯ ಅನ್ನುವುದು ನೆನಪಿರಲಿ. ಒಳಗಿರುವ ಆವಿಗೆ ಬೆಂಕಿ ತಾಗಿದರೆ ಸಿಡಿಯುತ್ತದೆ. ಆ ಕೆಲಸ ಗೊತ್ತಿದ್ದವರ ಕೈಯಲ್ಲೇ ಆಗಲಿ.

ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಹೋಸ್ ಬಹಳ ಜನ ನೋಡದೇ ಬಿಡುವ ಜಾಗ. ಇಲ್ಲಿ ಪಂಪು ಪೆಟ್ರೋಲನ್ನು ಹೀರುತ್ತಿರುತ್ತದೆ. ಹಾಗಾಗಿ ಹೋಸಿನಲ್ಲಿ ಸಣ್ಣ ಬಿರುಕು ಇದ್ದರೆ ಹೊರಗೆ ಒಂದು ಹನಿಯೂ ಸೋರದೆ, ಗಾಳಿ ಒಳಗೆ ಹೋಗಬಹುದು. ಪಂಪಿನ ಮೊದಲು ಪಾರದರ್ಶಕ ಫಿಲ್ಟರ್ ಹಾಕಿ ಎಂಜಿನ್ ಓಡಿಸಿ ನೋಡಿ. ನಿಲ್ಲದೆ ಗುಳ್ಳೆಗಳ ಸಾಲು ಬರುತ್ತಿದ್ದರೆ ಗಾಳಿ ಸೇರುತ್ತಿದೆ. ಹಳೇ ಹೋಸ್ ಹೊರಗೆ ಚೆನ್ನಾಗಿ ಕಂಡು ಒಳಗೆ ಊದಿಕೊಂಡಿರಬಹುದು. ತೆಗೆದು ಊದಿ ನೋಡುವುದಕ್ಕಿಂತ ಹೊಸದು ಹಾಕುವುದೇ ವಾಸಿ. ಒಂದು ಮೀಟರ್ ಹೋಸಿಗೆ ಎಷ್ಟಾಗುತ್ತೆ ಹೇಳಿ.

ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಹೀರಿ ಕಾರ್ಬುರೇಟರಿಗೆ ಕೊಡುವ ಪಂಪು) ಸರಿ ಇದೆಯೋ ಇಲ್ಲವೋ ನೋಡುವುದು ಹೇಗೆ?

ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದಕ್ಕೆ ಉದ್ದ ಹೋಸ್ ಸಿಕ್ಕಿಸಿ, ತುದಿಯನ್ನು ಎಂಜಿನ್ನಿನಿಂದ ದೂರ ಒಂದು ಬಾಟಲಿಗೆ ಬಿಡಿ. ಕಾಯಿಲಿನ ಕರೆಂಟ್ ವೈರ್ ತೆಗೆದಿಟ್ಟು ಸೆಲ್ಫ್ ಹೊಡೆಯಿರಿ. ಪ್ರತಿ ಏಟಿಗೂ ಗಟ್ಟಿಯಾಗಿ, ಗುಳ್ಳೆ ಇಲ್ಲದೆ ಪೆಟ್ರೋಲ್ ಚಿಮ್ಮಬೇಕು. ಸೆಲ್ಫ್ ಮೋಟಾರ್ ಸುಡದ ಹಾಗೆ ಹತ್ತು ಸೆಕೆಂಡಿಗೊಮ್ಮೆ ಬಿಡುವು ಕೊಡಿ. ಸೆಲ್ಫ್ ಹೊಡೆದ ಸಮಯ ಕೂಡಿಸಿದರೆ, ಒಂದು ನಿಮಿಷದೊಳಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಬಂದರೆ ಪಂಪು ಚೆನ್ನಾಗಿದೆ.

ಪ್ರೆಶರ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಹರಿಕೇನ್ ಎಂಜಿನ್ನಿಗೆ 2.5ರಿಂದ 3.75 ಪಿಎಸ್‌ಐ ಇರಬೇಕು. ಇದಕ್ಕಿಂತ ಕಡಿಮೆ ಆದರೆ ಏರಿನಲ್ಲಿ ಬೌಲ್ ಖಾಲಿ ಆಗುತ್ತದೆ. ಜಾಸ್ತಿ ಆದರೆ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವನ್ನು ತಳ್ಳಿ ಕಾರ್ಬುರೇಟರ್ ಉಕ್ಕುತ್ತದೆ. ಸಿಕ್ಕ ಎಲೆಕ್ಟ್ರಿಕ್ ಪಂಪ್ ತಂದು ಹಾಕಿದವರಿಗೆ ಈ ಎರಡನೇ ತೊಂದರೆ ಬರುತ್ತದೆ.

ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವುದನ್ನೂ ಮರೆಯಬೇಡಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದು ಪೆಟ್ರೋಲ್ ಎಂಜಿನ್ನಿಗೆ ಇಳಿಯುತ್ತಿರಬಹುದು. ಆ ಆಯಿಲಿನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಮೊದಲು ಪಂಪು ರಿಪೇರಿ, ಆಯಿಲ್ ಬದಲಾವಣೆ, ಆಮೇಲೆ ಉಳಿದದ್ದು.

ಪಂಪನ್ನು ಬದಿಗಿಟ್ಟು, ಬಾನೆಟ್ ಮೇಲೆ ಪೆಟ್ರೋಲ್ ಬಾಟಲಿ ಕಟ್ಟಿಕೊಂಡು ಏರು ಹತ್ತಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಬಾಟಲಿ ಜಾರಿದರೆ ಕೆಳಗಿರುವುದು ಕಾದ ಎಕ್ಸಾಸ್ಟ್.

ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಹೀಗಾಗುತ್ತದೆ. ಬೆಳಿಗ್ಗೆ ಏನೂ ಇಲ್ಲ.

ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿ ಆಗುತ್ತಿರಬಹುದು. ಇದನ್ನೇ ವೇಪರ್ ಲಾಕ್ ಅನ್ನುವುದು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಎಂಜಿನ್ ಕಾಯುತ್ತದೆ, ಎದುರುಗಾಳಿ ಇರುವುದಿಲ್ಲ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ.

ಘಾಟಿ ರಸ್ತೆಯ ಹಳೇ ಡ್ರೈವರ್‌ಗಳು ಬಲ್ಲ ಉಪಾಯ ಇದಕ್ಕೆ ಪರೀಕ್ಷೆಯೂ ಹೌದು, ತಾತ್ಕಾಲಿಕ ಮದ್ದೂ ಹೌದು. ಗಾಡಿ ನಿಲ್ಲಿಸಿ, ಎಸಿ ಪಂಪು ಮತ್ತು ಪೆಟ್ರೋಲ್ ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಗಾಡಿ ಸರಿಹೋದರೆ ಉತ್ತರ ಸಿಕ್ಕಿತು. ನೀರು ಕಾಯಿಲ್, ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಭಾಗ) ಕಡೆಗೆ ಹೋಗದಿರಲಿ. ಶಾಶ್ವತವಾಗಿ ಸರಿಮಾಡಲು ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿ, ರೇಡಿಯೇಟರ್ ಹೊರಗಿನಿಂದ ತೊಳೆಸಿ.

ಆದರೆ ಬಿಸಿಯಾದ ಮೇಲೆ ಕೆಡುವುದು ಪೆಟ್ರೋಲ್ ಮಾತ್ರ ಅಲ್ಲ. ಕಾಯಿಲ್, ಕಂಡೆನ್ಸರ್ ಕೂಡ ಹಾಗೇ ಆಡುತ್ತವೆ. ಅದನ್ನು ಮುಂದೆ ಹೇಳಿದ್ದೇನೆ.

ಇ20 ಪೆಟ್ರೋಲ್ ಬಂದ ಮೇಲೆ ಜಾಸ್ತಿ ಆಗಿದೆ. ಅದೇ ಕಾರಣವಾ?

ಕಾರಣಗಳಲ್ಲಿ ಒಂದು ಆಗಿರಬಹುದು. 20% ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಈ ಗಾಡಿಗಳನ್ನು ಕಟ್ಟಿದ ಕಾಲದಲ್ಲಿ ಅಂಥ ಪೆಟ್ರೋಲ್ ಯಾರ ಮನಸ್ಸಿನಲ್ಲೂ ಇರಲಿಲ್ಲ.

ಅದು ಮೂರು ರೀತಿ ತೊಂದರೆ ಕೊಡುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಪೂರ್ತಿ ಸುಡಲು ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಪಾಲು. ಇಂಜೆಕ್ಷನ್ ಗಾಡಿ ಇದನ್ನು ಗುರುತಿಸಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಮ್ಮ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹಾಗಾಗಿ ಮಿಶ್ರಣ ಹತ್ತಿರ ಹತ್ತಿರ 8% ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಏರಿನಲ್ಲಿ ಮುಗ್ಗರಿಸಲು ಅಷ್ಟು ಸಾಕು.

ಇನ್ನೊಂದು, ಹಳೇ ರಬ್ಬರು. ಹೋಸ್, ಡಯಾಫ್ರಮ್, ನೀಡಲ್ ವಾಲ್ವಿನ ತುದಿ ಊದಿಕೊಳ್ಳುತ್ತವೆ ಅಥವಾ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಹೋಸ್, ಪಂಪ್ ಕಿಟ್ ಕೇಳಿ ಹಾಕಿಸಿ. ಕೊನೆಯದು, ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದ ಕೊಳೆಯನ್ನು ಅದು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಹೊಸ ಪೆಟ್ರೋಲಿನ ಶುರುವಿನ ತಿಂಗಳುಗಳಲ್ಲಿ ಫಿಲ್ಟರನ್ನು ಮೇಲಿಂದ ಮೇಲೆ ನೋಡುತ್ತಿರಿ.

ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಬಹುದೇ ಎಂದು ಕೇಳುತ್ತಾರೆ. ಹಾಕಬಹುದು, ಆದರೆ ಬೇರೆಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ, ಪ್ಲಗ್ಗಿನ ಬಣ್ಣ ನೋಡಿಕೊಂಡು.

ಕರೆಂಟ್ ಕಡೆಯಲ್ಲಿ ಏನೇನು ನೋಡಬೇಕು?

ರಾತ್ರಿ ಆಗಲಿ. ಕತ್ತಲಲ್ಲಿ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳನ್ನು ನೋಡಿ. ಕಾಯಿಲ್ ಬಾಯಲ್ಲಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಸುತ್ತ, ವೈರು ಕಬ್ಬಿಣಕ್ಕೆ ತಾಗುವಲ್ಲಿ ನೀಲಿ ಕಿಡಿಗಳು ಹರಿದಾಡಿದರೆ ಕರೆಂಟ್ ಅಲ್ಲೇ ಸೋರುತ್ತಿದೆ. ಹೂವಿಗೆ ನೀರು ಹೊಡೆಯುವ ಸ್ಪ್ರೇಯಿಂದ ಸ್ವಲ್ಪ ಮಂಜು ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಬಿಸಿಲಿಗೆ ಹಿಡಿದು ನೋಡಿ. ಒಂದು ಕಂಬದಿಂದ ಇನ್ನೊಂದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಕಂಡುಕೊಂಡ ಕಳ್ಳದಾರಿ. ಉಜ್ಜಿ ತೆಗೆದರೆ ಮತ್ತೆ ಬರುತ್ತದೆ, ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ತುಂಡು ಸವೆದಿದೆಯೇ, ರೋಟರ್ ಬಿರುಕು ಬಿಟ್ಟಿದೆಯೇ ನೋಡಿ.

ಆಮೇಲೆ ಪಾಯಿಂಟ್. ಹರಿಕೇನ್ ಎಂಜಿನ್ನಿಗೆ ಪಾಯಿಂಟ್ ಸಂದಿ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಪ್ಲಗ್ ಸಂದಿ 0.030 ಇಂಚು, ಮುಕ್ಕಾಲು ಮಿಲಿಮೀಟರ್. ಟೈಮಿಂಗ್ ಐಡಲ್‌ನಲ್ಲಿ ಪಿಸ್ಟನ್ ತೀರ ಮೇಲೆ ಬರುವ ಟಾಪ್ ಸೆಂಟರಿಗೆ 5 ಡಿಗ್ರಿ ಮುಂಚೆ ಕಿಡಿ ಬೀಳುವಂತೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2. ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳು) ಇಲ್ಲದೆ ಬ್ಲೇಡು, ವಿಸಿಟಿಂಗ್ ಕಾರ್ಡಿನಲ್ಲಿ ಸಂದಿ ಇಡುವುದು ದಾರಿ ಮಧ್ಯದ ಕೆಲಸಕ್ಕೆ ಸರಿ, ಮನೆಗೆ ಬಂದ ಮೇಲೆ ಗೇಜಿನಿಂದಲೇ ಇಡಿ.

ಸಂದಿ ಸರಿಯಾಗಿ ಇಟ್ಟರೂ ನಿಲ್ಲುತ್ತಿಲ್ಲ ಅಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಬುಷ್ ಸವೆದಿದ್ದರೆ ಶಾಫ್ಟ್ ಓಲಾಡುತ್ತದೆ, ಒಂದೊಂದು ಸಿಲಿಂಡರಿಗೆ ಒಂದೊಂದು ಸಂದಿ ಆಗುತ್ತದೆ. ಹೊಸ ಪಾಯಿಂಟ್ ಹಾಕಿ ಹಾಕಿ ಬೇಸತ್ತವರ ಗಾಡಿಯಲ್ಲಿ ಎಷ್ಟೋ ಸಲ ಸಿಗುವುದು ಇದೇ.

ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವ ಏರ್ಪಾಡು) ಇರುವ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರನ್ನು ಎಳೆದು ನೋಡಿ. ಎಕ್ಸಲರೇಟರ್ ಒತ್ತಿದಾಗೆಲ್ಲ ಒಳಗಿನ ಪ್ಲೇಟ್ ತಿರುಗುತ್ತದೆ, ಅದರ ಜೊತೆ ವೈರೂ ಬಾಗುತ್ತದೆ. ಹೊರಗೆ ಪ್ಲಾಸ್ಟಿಕ್ ಸರಿ ಇದ್ದು ಒಳಗೆ ತಂತಿ ತುಂಡಾಗಿರುತ್ತದೆ. ಕಾಲು ಒತ್ತಿದಾಗ ಮಾತ್ರ ಕರೆಂಟ್ ಕಟ್!

ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕೆಡುತ್ತದೆ. ತಣ್ಣಗಾದರೆ ಮತ್ತೆ ಸರಿ.

ಚೋಕ್ ಪರೀಕ್ಷೆಯಲ್ಲಿ ಪೆಟ್ರೋಲ್ ತೊಂದರೆ ಅಲ್ಲ ಎಂದು ಗೊತ್ತಾಗಿದ್ದರೆ ಕಂಡೆನ್ಸರ್ ಅಥವಾ ಕಾಯಿಲ್. ತಣ್ಣಗಿದ್ದಾಗ ಎರಡೂ ಮೀಟರಿನಲ್ಲಿ ಸರಿ ತೋರಿಸಬಹುದು. ಬಿಸಿಯಾದಾಗ ಒಳಗಿನ ತಂತಿ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಬಿಸಿ ಇರುವಾಗಲೇ ಬದಲಿಸಿ ನೋಡಬೇಕು. ಚೆನ್ನಾಗಿರುವ ಒಂದು ಕಾಯಿಲ್, ಒಂದು ಕಂಡೆನ್ಸರ್ ಜೊತೆಗಿಟ್ಟುಕೊಂಡು ಏರಿಗೆ ಹೋಗಿ. ಕೆಟ್ಟ ಕೂಡಲೇ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಕಾಯಿಲ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ.

ಈಗ ಸಿಗುವ ಹೊಸ ಕಂಡೆನ್ಸರ್‌ಗಳ ಗುಣಮಟ್ಟ ನಂಬುವ ಹಾಗಿಲ್ಲ. ಡಬ್ಬಿಯಿಂದ ತೆಗೆದದ್ದೇ ಕೆಟ್ಟಿರಬಹುದು. ಓಡುತ್ತಿರುವ ಹಳೆಯದನ್ನು ಸುಮ್ನೆ ಬಿಸಾಡಬೇಡಿ.

ಕಾಯಿಲ್ ಬದಲಿಸುವಾಗ ಒಂದು ಎಚ್ಚರ. ಕೆಲವು ಕಾಯಿಲ್ ನೇರ 12 ವೋಲ್ಟಿಗೆ, ಅವುಗಳ ಪ್ರೈಮರಿ ಸುಮಾರು 3 ಓಮ್. ಕೆಲವಕ್ಕೆ ಹೊರಗೆ ಬಲಾಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಬೇಕು, ಅವು ಸುಮಾರು 1.5 ಓಮ್. ಬಲಾಸ್ಟ್ ಇಲ್ಲದೆ ಎರಡನೆಯದನ್ನು ಹಾಕಿದರೆ ಪಾಯಿಂಟ್ ಸುಡುತ್ತದೆ. ನೇರ ಕಾಯಿಲಿಗೆ ಬಲಾಸ್ಟ್ ಸೇರಿಸಿದರೆ ಕಿಡಿ ಸೊರಗುತ್ತದೆ, ಏರಿನಲ್ಲಿ ಮಿಸ್ಸಿಂಗ್ ಶುರು.

ಪ್ಲಗ್ ಬಣ್ಣ ನೋಡಿ ಏನು ತಿಳಿಯಬಹುದು?

ಬಹಳಷ್ಟು, ಆದರೆ ಸರಿಯಾದ ಹೊತ್ತಿನಲ್ಲಿ ತೆಗೆದರೆ ಮಾತ್ರ. ಮನೆವರೆಗೆ ನಿಧಾನವಾಗಿ ಬಂದು ಐಡಲ್ ಮಾಡಿ ಆಮೇಲೆ ತೆಗೆದ ಪ್ಲಗ್ ಐಡಲ್‌ನ ಕಥೆ ಹೇಳುತ್ತದೆ. ಬೇರೆ ಗಾಡಿ ಇಲ್ಲದ ನೇರವಾದ ಏರಿನಲ್ಲಿ ಪೂರ್ತಿ ಎಕ್ಸಲರೇಟರಿನಲ್ಲಿ ಸ್ವಲ್ಪ ದೂರ ಹತ್ತಿ, ಕ್ಲಚ್ ಒತ್ತಿ ಅದೇ ಕ್ಷಣ ಇಗ್ನಿಷನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ. ಸ್ಟೀರಿಂಗ್ ಲಾಕ್ ಇರುವ ಗಾಡಿಯಲ್ಲಿ ಕೀಯನ್ನು ಲಾಕ್‌ವರೆಗೆ ತಿರುಗಿಸಬೇಡಿ. ಇಳಿಜಾರಿನಲ್ಲಿ ಈ ಪರೀಕ್ಷೆ ಖಂಡಿತ ಬೇಡ. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಿ.

ತುದಿಯ ಪಿಂಗಾಣಿ ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ. ಒಣ ಮಸಿ ಇದ್ದರೆ ಜಾಸ್ತಿ. ಎಣ್ಣೆ ಜಿಡ್ಡು ಇದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ನಾಲ್ಕರಲ್ಲಿ ಒಂದೇ ಬೇರೆ ಬಣ್ಣ ಇದ್ದರೆ ಕಾರ್ಬುರೇಟರನ್ನು ಬಿಟ್ಟುಬಿಡಿ, ಅದು ನಾಲ್ಕಕ್ಕೂ ಒಂದೇ. ಆ ಸಿಲಿಂಡರಿನ ಪ್ಲಗ್, ವೈರ್, ವಾಲ್ವ್ ನೋಡಿ.

ಇಷ್ಟೆಲ್ಲ ಸರಿ ಇದೆ. ಈಗ ಕಾರ್ಬುರೇಟರ್ ಬಿಚ್ಚಬಹುದಾ?

ಈಗ ಬಿಚ್ಚಿ. ಐಡಲ್ ಚೆನ್ನಾಗಿದ್ದು ಲೋಡಿನಲ್ಲಿ ಮಾತ್ರ ತೊಂದರೆ ಇದ್ದರೆ ಮೇನ್ ಜೆಟ್ಟಿನ ಮೇಲೆ ಮೊದಲ ಅನುಮಾನ. ಐಡಲ್‌ಗೆ ಬೇರೆ ಸಣ್ಣ ಜೆಟ್ ಇರುತ್ತದೆ. ಮೇನ್ ಜೆಟ್ಟಿನಲ್ಲಿ ಸಾಸಿವೆಗಿಂತ ಸಣ್ಣ ಕಸ ಸಿಕ್ಕಿದರೂ ಏರು ಹತ್ತುವುದಿಲ್ಲ. ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು. ಪಿನ್ನು, ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗುತ್ತದೆ, ಆಮೇಲೆ ಮೈಲೇಜ್ ಇಳಿಯುತ್ತದೆ. ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿ ಸಾಕು.

ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ, ಆಗ ಬೌಲ್ ಉಕ್ಕುತ್ತದೆ. ಫ್ಲೋಟ್ ಮಟ್ಟ ತೀರ ತಗ್ಗಿದ್ದರೆ ಬೌಲ್‌ನಲ್ಲಿ ಪೆಟ್ರೋಲ್ ಕಡಿಮೆ ಇರುತ್ತದೆ. ಒಳಬರುವ ಜಾಗದಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನೂ ನೋಡಿ, ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ.

ಕಾಲು ಒತ್ತಿದ ಕ್ಷಣ ಮಾತ್ರ ಮುಗ್ಗರಿಸಿ, ಆಮೇಲೆ ಚೆನ್ನಾಗಿ ಎಳೆದರೆ ಅದು ಮೇನ್ ಜೆಟ್ ಅಲ್ಲ. ಎಕ್ಸಲರೇಟರ್ ಪಂಪಿನ ಡಯಾಫ್ರಮ್ ಅಥವಾ ವಾಷರ್ ಸವೆದಿದೆ.

ಮಳೆಗಾಲದಲ್ಲಿ ಶುರುವಾಯಿತು. ಪೆಟ್ರೋಲಿನಲ್ಲಿ ನೀರಿರಬಹುದಾ?

ಇರಬಹುದು. ಎಸಿ ಪಂಪಿಗೆ ಗಾಜಿನ ಬಟ್ಟಲು ಇದ್ದರೆ ಅದನ್ನು ನೋಡಿ. ಪೆಟ್ರೋಲಿಗಿಂತ ನೀರು ಭಾರ. ಬಟ್ಟಲಿನ ತಳದಲ್ಲಿ ಬೇರೆಯಾಗಿ ಗುಂಡಗೆ ಕೂತಿರುತ್ತದೆ, ಪಾತ್ರೆ ಅಲ್ಲಾಡಿಸಿದರೆ ತಳದಲ್ಲೇ ಹರಿದಾಡುತ್ತದೆ. ಎಥನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಸೇರಿ ಕೆಳಗೆ ಇಳಿಯುತ್ತವೆ. ಪಂಪು ಹೀರುವುದು ಆ ತಳದಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಲ್ಲಿಸಿಡುವವರು ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ.

ಮಳೆಗಾಲದಲ್ಲಿ ಕ್ಯಾಪ್ ಒಳಗೆ ತೇವ ಕೂರುವುದು ಇದಕ್ಕಿಂತ ಸಾಮಾನ್ಯ. ಒಣ ಬಟ್ಟೆಯಿಂದ ಒರೆಸಿ ನೋಡಿ.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿಕೆ ಕಾರಣ ಆಗಬಹುದಾ?

ಇದರ ಹಿಂದೆ ಮೊದಲು ಹೋಗಬೇಡಿ. ಮ್ಯಾನಿಫೋಲ್ಡಿನಲ್ಲಿ, ಅಂದರೆ ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯಲ್ಲಿ, ಎಳೆತ ಜಾಸ್ತಿ ಇರುವುದು ಐಡಲ್‌ನಲ್ಲಿ. ಆಗಲೇ ಸೋರಿಕೆ ಕಾಡುವುದು. ಎಕ್ಸಲರೇಟರ್ ಪೂರ್ತಿ ತೆರೆದಾಗ ಎಳೆತ ಇಳಿಯುತ್ತದೆ, ಸೋರಿಕೆಯ ಪ್ರಭಾವವೂ ಇಳಿಯುತ್ತದೆ.

ಏರಿನಲ್ಲಿ ಕಪ್ಪು ಹೊಗೆ ಬಿಡುತ್ತಾ ಮುಗ್ಗರಿಸುತ್ತದೆ.

ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಕ್ಲೀನರ್ ನೋಡಿ. ಹಳೇ ಜೀಪುಗಳದ್ದು ಆಯಿಲ್ ಬಾತ್ ಮಾದರಿ, ಗಾಳಿಯ ಧೂಳನ್ನು ತಳದ ಆಯಿಲಿನಲ್ಲಿ ಹಿಡಿಯುತ್ತದೆ. ಬೇಸಿಗೆಯ ಕೆಂಪು ಧೂಳಿನಲ್ಲಿ ಅದರ ತಳದಲ್ಲಿ ಕೆಸರು ಗಟ್ಟಿಯಾಗುತ್ತದೆ. ಗೆರೆಗಿಂತ ಮೇಲೆ ಆಯಿಲ್ ಹಾಕಿದರೂ ಗಾಳಿ ಕಟ್ಟುತ್ತದೆ. ಚೋಕ್ ಕೇಬಲ್ ಸಿಕ್ಕಿಕೊಂಡು ಅರ್ಧ ಮುಚ್ಚಿಯೇ ಇರುವುದು ಇನ್ನೊಂದು ಕಾರಣ.

ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ 1,100 ಮೀಟರಿಗಿಂತ ಎತ್ತರದ ಮಡಿಕೇರಿಗೆ ಹೋದರೆ ಅಲ್ಲಿ ಗಾಳಿ ತೆಳು, ಮಿಶ್ರಣ ಸ್ವಲ್ಪ ದಟ್ಟವಾಗುತ್ತದೆ. ಎಳೆತ ಸ್ವಲ್ಪ ಕಡಿಮೆ ಆಗುವುದು ಸಹಜ. ಅದರಿಂದ ಮಿಸ್ಸಿಂಗ್ ಬರುತ್ತಿದ್ದರೆ ಮಿಶ್ರಣ ಕೆಳಗಡೆಯೇ ದಟ್ಟವಾಗಿತ್ತು.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಟ್ಯಾಪೆಟ್ (ವಾಲ್ವಿನ ಸಂದಿ) ಯಾವಾಗ ನೋಡಬೇಕು?

ಮಿಸ್ಸಿಂಗ್ ಒಂದೇ ಸಿಲಿಂಡರಿನದು ಎಂದು ಗೊತ್ತಾದರೆ ಕೂಡಲೇ ನೋಡಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಎಕ್ಸಲರೇಟರ್ ಪೂರ್ತಿ ಒತ್ತಿರಬೇಕು. ನಾಲ್ಕರ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಹರಿಕೇನ್ ಎಂಜಿನ್ನಿನ ವಿಶೇಷ ಏನೆಂದರೆ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಮೇಲಿನ ಕವರ್ ತೆಗೆದು ಇನ್‌ಲೆಟ್ ಸಂದಿ 0.018 ಇಂಚು ಇಟ್ಟು ಕೆಲಸ ಮುಗಿಯಿತು ಅನ್ನುತ್ತಾರೆ. ಎಕ್ಸಾಸ್ಟ್ ನೋಡಲು ಬ್ಲಾಕಿನ ಪಕ್ಕದ ಕವರ್ ಬಿಚ್ಚಬೇಕು, ಕೈ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಅದನ್ನು ಬಿಟ್ಟುಬಿಡುತ್ತಾರೆ. ಅಲ್ಲಿ 0.016 ಇಂಚು ಸಂದಿ ಬೇಕು, ಎರಡೂ ಎಂಜಿನ್ ತಣ್ಣಗಿದ್ದಾಗ. ಸಂದಿ ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ. ಟ್ಯಾಪೆಟ್ ಮಾಡಿಸುವಾಗ ಪಕ್ಕದಲ್ಲೇ ನಿಂತು ಎಂಟೂ ನೋಡಿಸಿ.

ಸೈಲೆನ್ಸರ್ ಕಟ್ಟಿಕೊಂಡರೂ ಹೀಗಾಗುತ್ತದಾ?

ಆಗುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಒಳಗಿನ ತಗಡು ಕಳಚಿ ಬಿದ್ದಿರುತ್ತದೆ. ವ್ಯಾಕ್ಯೂಮ್ ಗೇಜ್ ಹಾಕಿ ಎಂಜಿನ್ನನ್ನು ಒಂದೇ ರೇಸಿನಲ್ಲಿ ಹಿಡಿಯಿರಿ. ಮುಳ್ಳು ನಿಲ್ಲದೆ ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆಗೆ ದಾರಿ ಇಲ್ಲ. ಜೊತೆಗೆ, ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಿ. ಸ್ವಲ್ಪ ದೂರ ಓಡಿಸಿ ನಾಲ್ಕೂ ಡ್ರಮ್ಮಿನ ಬಿಸಿ ಹೋಲಿಸಿದರೆ ಸಾಕು.

ಘಾಟಿ ಮಧ್ಯದಲ್ಲೇ ಮುಗ್ಗರಿಸಿದರೆ ಏನು ಮಾಡಲಿ?

ತಿರುವಿನಲ್ಲಿ ನಿಲ್ಲಬೇಡಿ. ಆಗುಂಬೆಯಂಥ ಕಡೆ ಹೇರ್‌ಪಿನ್ ತಿರುವಿನಲ್ಲಿ ನಿಂತರೆ ಕೆಳಗಿನಿಂದ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ. ಚೋಕ್ ಅರ್ಧ ಎಳೆದು, ಗೇರ್ ಇಳಿಸಿ, ಅರ್ಧ ಎಕ್ಸಲರೇಟರಿನಲ್ಲಿ ಅಗಲ ಜಾಗದವರೆಗೆ ತೆವಳಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಬಾನೆಟ್ ತೆಗೆಯಿರಿ. ಟ್ಯಾಂಕಿನ ಮುಚ್ಚಳ, ಬೌಲ್‌ನ ಧಾರೆ, ಒದ್ದೆ ಬಟ್ಟೆ, ಕಂಡೆನ್ಸರ್, ಕಾಯಿಲ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಸೀಟಿನಡಿ ಒಂದು ಪಾಯಿಂಟ್ ಸೆಟ್, ಕಂಡೆನ್ಸರ್, ಕಾಯಿಲ್, ರೋಟರ್, ಒಂದು ಪ್ಲಗ್, ಪೆಟ್ರೋಲ್ ಫಿಲ್ಟರ್, ಒಂದು ಮೀಟರ್ ಹೋಸ್, ನಾಲ್ಕು ಕ್ಲಿಪ್, ಫಿಲ್ಲರ್ ಗೇಜ್, ಪ್ಲಗ್ ಸ್ಪಾನರ್, ಟಾರ್ಚ್, ಒಣ ಬಟ್ಟೆ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಮಾತ್ರ ಸೀಟಿನಡಿ ಬೇಡ, ಕೈಗೆ ತಕ್ಷಣ ಸಿಗುವ ಕಡೆ ಕಟ್ಟಿ.